ಗರಡಿ ಹೊಸ್ತಿಲು ದಾಟದ ಮಾತು

ನಮ್ಮಣ್ಣನ ಬಲತೋಳು ಯಾವಾಗ ಕೆಟ್ಟಿತು ಎಂದು ಕೇಳಿದರೆ ಊರಿನವರೆಲ್ಲ ಚಾಮರಾಜನಗರದ ಕುಸ್ತಿಯ ದಿನವನ್ನೇ ಹೇಳುತ್ತಾರೆ. ಸುಳ್ಳು. ಅದಕ್ಕೂ ಮುಂಚಿನ ಮಳೆಗಾಲದಲ್ಲಿ, ಗುಂಡ್ಲುಪೇಟೆ ಕಡೆಯ ಮದ್ದೂರಿನ ಕಾಡಿನಲ್ಲಿ ಬಿದಿರು ಹೇರುವಾಗಲೇ ಅದು ಕೆಟ್ಟಿತ್ತು. ಅಣ್ಣನಿಗೆ ಗೊತ್ತಿತ್ತು, ಅವ್ವನಿಗೆ ಗೊತ್ತಿತ್ತು, ನನಗೆ ಗೊತ್ತಿತ್ತು, ಗರಡಿಯ ಉಸ್ತಾದರಿಗೆ ಗೊತ್ತಿತ್ತು, ಹರದನಹಳ್ಳಿಯ ತಾತನೊಬ್ಬನಿಗೂ ಗೊತ್ತಿತ್ತು. ಇಷ್ಟು ಜನರಿಗೆ ಗೊತ್ತಿದ್ದ ಸಂಗತಿ ಕುಸ್ತಿ ನಡೆಸುವವರಿಗೆ ಮಾತ್ರ ಖಾತ್ರಿಯಾಗಲಿಲ್ಲ. ಇಷ್ಟು ವಯಸ್ಸಾದ ಮೇಲೂ ಅದನ್ನು ನೆನೆದರೆ ನನಗೆ ಮೈ ಉರಿಯುತ್ತದೆ.

ಐವತ್ತರ ದಶಕದ ನಡುವಿನ ಮಾತಿದು. ಕನ್ನಡ ನಾಡೆಲ್ಲ ಒಂದಾಗುತ್ತದೆ ಎಂದು ಆಗ ದಿನಾ ಪೇಪರಿನಲ್ಲಿ ಬರುತ್ತಿತ್ತಂತೆ; ನಮ್ಮ ಮನೆಗೆ ಪೇಪರು ಬರುತ್ತಿರಲಿಲ್ಲ. ನಾವು ಗುಂಡ್ಲುಪೇಟೆಯಲ್ಲಿದ್ದೆವು. ಅಪ್ಪ ತೀರಿಕೊಂಡು ವರ್ಷಗಳಾಗಿದ್ದವು. ಅಣ್ಣ ಎತ್ತಿನ ಗಾಡಿ ಹೊಡೆಯುತ್ತಿದ್ದ. ಮದ್ದೂರಿನ ಕಡೆಯಿಂದ ಬಿದಿರು, ಸೌದೆ ಹೇರಿಕೊಂಡು ಬಂದು ಪೇಟೆಯ ಡಿಪೋದಲ್ಲಿ ಇಳಿಸುವುದು ಅವನ ಕೆಲಸ. ಕೇರಳದ ಕಡೆಯ ವ್ಯಾಪಾರಿಗಳು ಬಂದರೆ ಅವರ ಮಾತನ್ನೂ ಅರ್ಧಂಬರ್ಧ ಆಡುತ್ತಿದ್ದ. ಅವನ ತೋಳಿನಿಂದಲೇ ಮನೆಯ ಮೂವರ ಹೊಟ್ಟೆ ತುಂಬುತ್ತಿತ್ತು. ಆದರೆ ಯಾರಾದರೂ ಏನು ಕೆಲಸ ಎಂದು ಕೇಳಿದರೆ ಗಾಡಿಯ ಮಾತನ್ನೇ ಎತ್ತುತ್ತಿರಲಿಲ್ಲ, ಪೈಲ್ವಾನ ಎನ್ನುತ್ತಿದ್ದ. ಬೆಳಗಾಗುವ ಮುಂಚೆ ಗರಡಿಗೆ ಹೋಗಿ, ಸಾಮು ಮಾಡಿ, ಮೈಯೆಲ್ಲ ಕೆಮ್ಮಣ್ಣು ಮಾಡಿಕೊಂಡು ಬಂದು, ನೆನೆಸಿದ ಕಡಲೆ ತಿಂದು ಗಾಡಿ ಕಟ್ಟುತ್ತಿದ್ದ. ನಮಗೆ ಮಜ್ಜಿಗೆಗೆ ಗತಿಯಿಲ್ಲದ ದಿನವೂ ಅವನ ಲೋಟದಲ್ಲಿ ಹಾಲಿರಬೇಕು. ಅವ್ವ ಗೊಣಗಿಕೊಂಡೇ ಕೊಡುತ್ತಿದ್ದಳು, ಗರಡಿಯಿಂದ ಬಂದವನಿಗೆ ದೃಷ್ಟಿ ತೆಗೆಯುವವಳೂ ಅವಳೇ.

ಆ ಮಳೆಗಾಲದಲ್ಲಿ ಬಿದಿರಿನ ಹೊರೆ ಜಾರಿತು. ಅದನ್ನು ತಡೆಯಲು ಹೋದ ಅಣ್ಣನ ಬಲಭುಜದ ಕೀಲು ತಪ್ಪಿತು. ಎಡಗೈಯಲ್ಲೇ ಹಗ್ಗ ಹಿಡಿದು ಗಾಡಿ ಹೊಡೆದುಕೊಂಡು ಮನೆಗೆ ಬಂದ. ಬಂದವನು ಮೊದಲು ಹೇಳಿದ ಮಾತು ನೋವಿನದಲ್ಲ. "ಬಾಗ್ಲಾಕಮ್ಮಿ" ಎಂದ. ಬಾಗಿಲು ಹಾಕಿದೆ. ಉಸ್ತಾದರು ಹಿತ್ತಲ ಕಡೆಯಿಂದ ಬಂದು ನೋಡಿ, ಹರದನಹಳ್ಳಿಗೆ ಆಳು ಕಳಿಸಿದರು. ಮಾರನೆಯ ದಿನ ತಾತ ಬಸ್ಸಿನಲ್ಲಿ ಬಂದ, ಯಾರೋ ನೆಂಟರು ಬಂದಂತೆ. ಅಣ್ಣನನ್ನು ನೆಲದ ಮೇಲೆ ಮಲಗಿಸಿ, ಕಂಕುಳಿಗೆ ಕಾಲು ಕೊಟ್ಟು, ತೋಳು ಹಿಡಿದು ಎಳೆದ. ಲಟಕ್ಕೆಂದಿತು. ಅಣ್ಣ ತುಟಿ ಕಚ್ಚಿಕೊಂಡ, ಅವ್ವ ಅತ್ತಳು. ಉದ್ದಿನ ಹಿಟ್ಟು, ಮೊಟ್ಟೆಯ ಬಿಳಿ ಕಲಸಿ ಪಟ್ಟು ಹಾಕಿ ಬಟ್ಟೆ ಸುತ್ತಿದ ಮೇಲೆ ತಾತ ಅಂದ ಮಾತು ನನಗೆ ಇವತ್ತಿಗೂ ನೆನಪಿದೆ.

"ಕೀಲು ಕೂತದ. ಆದ್ರ ಒಂದ್ಸಲ ಜಾರಿದ್ದು ಮತ್ತ ಜಾರ್ತದ. ತೋಳ ಇಂದಕ್ಕ ಎಳ್ದು ತಿರುವೋನ್ ಜೊತ್ಗ ಇವನ್ನ ಬುಡಬಾರ್ದು."

ಅವ್ವ ಹೆದರಿ ನೋಡಿದ್ದಕ್ಕೆ, "ನೀ ಎದರ್ಬ್ಯಾಡ ಕಣವ್ವ. ಜೋಡಿ ಕಟ್ಟೋನು ನಾನೇ ತಾನೆ? ನಾ ನೋಡ್ಕತೀನಿ ಬುಡು" ಎಂದ.

ಕುಸ್ತಿ ಗೊತ್ತಿಲ್ಲದವರಿಗೆ ಇಷ್ಟು ಹೇಳಬೇಕು. ಯಾರ ಮೇಲೆ ಯಾರನ್ನು ಬಿಡುವುದು ಎಂದು ಗೊತ್ತುಮಾಡುವುದಕ್ಕೆ ಜೋಡಿ ಕಟ್ಟುವುದು ಎನ್ನುತ್ತಾರೆ. ಗುಂಡ್ಲುಪೇಟೆಯ ಗರಡಿಗೂ ಚಾಮರಾಜನಗರದ ಗರಡಿಗೂ ಎಷ್ಟೋ ಕಾಲದಿಂದ ಜೋಡಿ ಕಟ್ಟುತ್ತಿದ್ದವನು ಈ ತಾತನೇ. ಅವನು ಎರಡೂ ಗರಡಿಗೆ ಸೇರಿದವನಲ್ಲ. ಎರಡೂ ಕಡೆಯ ಹುಡುಗರ ಕೈಕಾಲು ಉಳುಕಿದರೆ, ಮೂಳೆ ಮುರಿದರೆ ಕಟ್ಟುವವನೂ ಅವನೇ ಆದ್ದರಿಂದ ಯಾರ ಮಂಡಿ ಸಡಿಲ, ಯಾರ ಪಕ್ಕೆಲುಬು ಹಸಿ ಎಂಬುದೆಲ್ಲ ಅವನೊಬ್ಬನಿಗೆ ಗೊತ್ತಿರುತ್ತಿತ್ತು. ಗರಡಿಯವರು ಇಂಥ ಮಾತನ್ನು ಹೊಸ್ತಿಲು ದಾಟಿಸುತ್ತಿರಲಿಲ್ಲ. ನಮ್ಮ ಹುಡುಗನಿಗೆ ಇಲ್ಲಿ ಪೆಟ್ಟಾಗಿದೆ ಎಂದರೆ ಎದುರಾಳಿಗೆ ಇಲ್ಲೇ ಹಿಡಿ ಎಂದು ತೋರಿಸಿಕೊಟ್ಟ ಹಾಗೆ ಎಂದು ಅವರ ಲೆಕ್ಕ. ಹೆಂಡತಿಗೂ ಹೇಳಬಾರದು, ಒಡಹುಟ್ಟಿದವರಿಗೂ ಹೇಳಬಾರದು. ನಮಗೆ ಗೊತ್ತಾದದ್ದು ಒಂದೇ ಸೂರಿನಡಿ ಇದ್ದ ತಪ್ಪಿಗೆ.

ಜೋಡಿ ಕಟ್ಟುವ ದಿನ ಇಬ್ಬರು ಪೈಲ್ವಾನರನ್ನು ಎದುರುಬದುರು ನಿಲ್ಲಿಸುತ್ತಿದ್ದರು. ತಾತ ನಶ್ಯ ಏರಿಸಿಕೊಂಡು ನೋಡುತ್ತಿದ್ದ. ಸರಿ ಎನಿಸಿದರೆ ಇಬ್ಬರ ಕೈ ಹಿಡಿದು ಕೂಡಿಸುತ್ತಿದ್ದ. ಇಲ್ಲವಾದರೆ "ಬ್ಯಾಡ" ಎನ್ನುತ್ತಿದ್ದ. ಅಷ್ಟೇ. ಯಾಕೆ ಬೇಡ ಎಂದು ಯಾರೂ ಕೇಳುವಂತಿಲ್ಲ. ಒಮ್ಮೆ ಅವನ ತಮ್ಮನ ಮಗನೇ, ಹತ್ತಿರ ಕೂತು ಕಲಿಯುವ ಆಸೆಯಿಂದ ಕೇಳಿದನಂತೆ. "ನಾ ಸತ್ ಮ್ಯಾಲ ಕಟ್ಟವಂತೆ, ಈಗ ಎದ್ದೋಗ್ಲಾ" ಎಂದು ಗದರಿ, ಅವತ್ತು ಜೋಡಿಯನ್ನೇ ಕಟ್ಟದೆ ಎದ್ದು ಹೋದನಂತೆ. ಊರಿನವರು ಇದನ್ನು ಅವನ ದೊಡ್ಡತನ ಎಂದು ಹೊಗಳುತ್ತಿದ್ದರು. ನನಗೆ ಹಾಗೆ ಕಾಣುವುದಿಲ್ಲ. ಅವನಿಗೆ ಪೇಟ, ಶಾಲು, ಊರ ದೊಡ್ಡವರ ಪಕ್ಕದ ಕುರ್ಚಿ ಎಲ್ಲ ಸಿಗುತ್ತಿದ್ದದ್ದು ಆ "ಬ್ಯಾಡ" ಎಂಬ ಒಂದು ಮಾತಿನಿಂದ. ಕಾರಣ ಹೇಳಿಬಿಟ್ಟರೆ ನಾಳೆ ಇನ್ನೊಬ್ಬನೂ ಬೇಡ ಎಂದಾನು ಎಂಬ ಭಯ. ಒಳ್ಳೆಯವನೇ, ಎಷ್ಟೋ ಹುಡುಗರ ಮೈ ಉಳಿಸಿದ್ದಾನೆ. ಆದರೆ ಉಳಿಸುವ ಬಗೆಯನ್ನು ಒಬ್ಬನಿಗೂ ಹೇಳಿಕೊಡಲಿಲ್ಲ.

ಆ ವರ್ಷ ಸುಗ್ಗಿ ಮುಗಿಯುವ ಹೊತ್ತಿಗೆ ತಾತನಿಗೆ ಲಕ್ವ ಹೊಡೆಯಿತು. ಬಲಗಡೆಯೆಲ್ಲ ಬಿದ್ದುಹೋಯಿತು, ಬಾಯಿ ಸೊಟ್ಟಗಾಯಿತು, ಮಾತು ನಿಂತಿತು.

ಸುದ್ದಿ ಬಂದಾಗ ಅವ್ವ ರಾಗಿ ಬೀಸುತ್ತಿದ್ದಳು. ಕಲ್ಲು ನಿಲ್ಲಿಸಿ ಅಣ್ಣನ ಮುಖ ನೋಡಿದಳು. ಅಣ್ಣ ಎತ್ತುಗಳಿಗೆ ಹುಲ್ಲು ಹಾಕಲು ಹೋದ.

ಕುಸ್ತಿಯನ್ನು ಈ ಸಲ ಒಂದು ಕಮಿಟಿ ನಡೆಸುತ್ತದೆ ಎಂದು ಚಾಮರಾಜನಗರದಲ್ಲಿ ತೀರ್ಮಾನವಾಗಿತ್ತು. ಗೆದ್ದವನಿಗೆ ಬೆಳ್ಳಿ ಗದೆ. ಅದಕ್ಕಿಂತ ಹೆಚ್ಚಾಗಿ, ಮೈಸೂರಿನ ದಸರಾ ಕುಸ್ತಿಗೆ ಅವನ ಹೆಸರು ಹೋಗುತ್ತದೆ. ಒಬ್ಬ ವಕೀಲರು, ಒಬ್ಬ ಬೆಲ್ಲದ ಮಂಡಿಯ ಸಾಹುಕಾರರು, ಸ್ಕೂಲಿನ ಒಬ್ಬ ಮೇಷ್ಟ್ರು ಕಮಿಟಿಯಲ್ಲಿದ್ದರು. ಓಡಾಟವೆಲ್ಲ ಮೇಷ್ಟ್ರದೇ. ಕನ್ನಡಕದ ಮನುಷ್ಯ, ಸೈಕಲ್ಲಿನಲ್ಲಿ ಬರುತ್ತಿದ್ದರು, ಯಾರ ಮೇಲೂ ದನಿ ಎತ್ತಿದವರಲ್ಲ. ತಾತನ ಜಾಗದಲ್ಲಿ ಜೋಡಿ ಕಟ್ಟುವ ಕೆಲಸ ಅವರ ತಲೆಗೆ ಬಂತು. ಪಾಪ, ಅವರು ಮೊದಲು ಹರದನಹಳ್ಳಿಗೇ ಹೋದರು. ತಾತ ಗೊರಗೊರ ಎಂದನಂತೆ, ಕಣ್ಣಲ್ಲಿ ನೀರು ಹಾಕಿದನಂತೆ. ಅವನ ಮನೆಯವರನ್ನು ಕೇಳಿದರೆ, "ನಮ್ಗೇನೂ ಏಳ್ತಿರ್ನಿಲ್ಲ ಸ್ವಾಮಿ" ಎಂದರು.

ಆಮೇಲೆ ಮೇಷ್ಟ್ರು ಗರಡಿ ಗರಡಿಗೆ ಹೋಗಿ, ನಿಮ್ಮಲ್ಲಿ ಯಾರಿಗಾದರೂ ಪೆಟ್ಟಾಗಿದೆಯೇ ಎಂದು ಕೇಳಿದರು. ಎಲ್ಲ ಉಸ್ತಾದರೂ ಒಂದೇ ಪಾಠ ಒಪ್ಪಿಸಿದರು: ನಮ್ಮ ಹುಡುಗರು ಕಲ್ಲುಗುಂಡು. ಎಲ್ಲರೂ ಕಲ್ಲುಗುಂಡೇ ಆದಮೇಲೆ ಮೇಷ್ಟ್ರು ಇನ್ನೇನು ಮಾಡಬೇಕು? ಸಾಹುಕಾರರ ಮಂಡಿಗೆ ಪೈಲ್ವಾನರನ್ನೆಲ್ಲ ಕರೆಸಿ, ಬೆಲ್ಲ ತೂಗುವ ದೊಡ್ಡ ತಕ್ಕಡಿಯಲ್ಲಿ ಕೂರಿಸಿ ತೂಗಿದರು. ಲಂಗೋಟಿ ಕಟ್ಟಿದ ಗಂಡಸರು ತಟ್ಟೆಯಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದನ್ನು ಹೇಳಿ ಅಣ್ಣ ನಮ್ಮನ್ನು ಬಹಳ ನಗಿಸಿದ. ಅವ್ವ ಕೂಡ ನಕ್ಕಳು. ನಮ್ಮ ಮನೆಯಲ್ಲಿ ಹಾಗೆ ಎಲ್ಲರೂ ಕೂಡಿ ನಕ್ಕದ್ದು ಅದೇ ಕಡೆ.

ತೂಕಕ್ಕೆ ತೂಕ ಸರಿಹೋದವರನ್ನು ಜೋಡಿ ಮಾಡಿದರು. ಅಣ್ಣನ ತೂಕಕ್ಕೆ ಸರಿಯಾಗಿ ಸಿಕ್ಕಿದವನು ಚಾಮರಾಜನಗರದ ಗರಡಿಯ ಒಬ್ಬ ಹುಡುಗ. ಎದುರಾಳಿಯ ತೋಳನ್ನು ಹಿಂದಕ್ಕೆ ಎಳೆದು ತಿರುವಿ ಕೆಡವುವುದೇ ಅವನ ಪಟ್ಟು. ಸುತ್ತಮುತ್ತ ಅವನ ಹೆಸರಿದ್ದದ್ದೇ ಆ ಪಟ್ಟಿನಿಂದ.

ಬಸ್ಸಿನವರು ಜೋಡಿಯ ಸುದ್ದಿ ತಂದ ಸಂಜೆ ಅವ್ವ ಅಣ್ಣನ ಕಾಲು ಹಿಡಿದಳು. "ಬ್ಯಾಡ ಕಣಪ್ಪ, ಮಾದಪ್ಪನಾಣ. ತೋಳೋದ್ರ ನಾವೇನ್ ತಿನ್ನಾದು?"

"ಬಾಯ್ಮುಚ್ಕೊಂಡಿರವ್ವ" ಎಂದ ಅಣ್ಣ. "ತೋಳು ವಾಸಿಯಾಗ್ಯದ. ಈಗ ಒಲ್ಲೆ ಅಂದ್ರ ಎದರ್ಕಂಡ ಅಂತಾರ."

ತೋಳು ವಾಸಿಯಾಗಿರಲಿಲ್ಲ. ವಾಸಿಯಾಗಿದ್ದರೆ ಅವನು ರಾತ್ರಿ ಎಡಮಗ್ಗುಲಲ್ಲೇ ಯಾಕೆ ಮಲಗುತ್ತಿದ್ದ? ಬಾವಿಯ ಹಗ್ಗವನ್ನು ಎಡಗೈಯಲ್ಲಿ ಯಾಕೆ ಎಳೆಯುತ್ತಿದ್ದ? ಮನೆಯ ಹೆಂಗಸರಿಗೆ ಕಾಣುವುದು ಗರಡಿಯ ಗಂಡಸರಿಗೆ ಕಾಣುವುದಿಲ್ಲ, ಕಂಡರೂ ಅವರು ನೋಡುವುದಿಲ್ಲ. ಉಸ್ತಾದರ ಬಳಿಗೆ ಹೋದ ಅವ್ವನನ್ನು ಅವರು ಬಾಗಿಲಲ್ಲೇ ನಿಲ್ಲಿಸಿ, "ಗರಡಿ ಇಸ್ಯ ಎಂಗಸ್ರಿಗ್ಯಾಕ?" ಎಂದು ಕಳಿಸಿದರು.

ಕುಸ್ತಿಗೆ ಹಿಂದಿನ ದಿನವೇ ನಾವು ಚಾಮರಾಜನಗರಕ್ಕೆ ಹೋದೆವು. ಸಂತೆ ಮೈದಾನಕ್ಕೆ ಒತ್ತಿಕೊಂಡಂತೆ ನಮ್ಮ ಚಿಕ್ಕಮ್ಮನ ಮನೆ. ಬೆಳಗ್ಗೆ ನೀರು ತರುವ ನೆಪ ಮಾಡಿ ನಾನು ಮೇಷ್ಟ್ರ ಮನೆ ಹುಡುಕಿಕೊಂಡು ಹೋದೆ. ಆಗ ನನಗೆ ಮದುವೆಯ ವಯಸ್ಸು. ಗುರುತಿಲ್ಲದ ಗಂಡಸಿನ ಮನೆ ಬಾಗಿಲಿಗೆ ಒಬ್ಬಳೇ ಹೋಗಿ ನಿಲ್ಲುವುದು ಸಣ್ಣ ಮಾತಲ್ಲ. ಅವರು ಜಗಲಿಯ ಮೇಲೆ ಕಾಫಿ ಕುಡಿಯುತ್ತಿದ್ದರು.

"ಗುಂಡ್ಲುಪೇಟೆ ಪೈಲ್ವಾನನ ಬಲತೋಳು ಸರಿಯಿಲ್ಲ ಮೇಷ್ಟ್ರೇ. ಕೀಲು ತಪ್ಪಿತ್ತು. ತಾತನೇ ಕೂರ್ಸಿದ್ದು. ಆ ಜೋಡಿ ಮುರೀರಿ. ನಾನು ಏಳ್ದೆ ಅಂತ ಮಾತ್ರ ಅನ್ಬ್ಯಾಡಿ, ನಮ್ಮಣ್ಣ ನನ್ನ ಮನೇಲಿ ಮಡಿಕ್ಕಳಲ್ಲ."

ಅವರು ಲೋಟ ಕೆಳಗಿಟ್ಟರು. ನನ್ನ ಮಾತನ್ನು ನಂಬಿದರು, ಅದು ಅವರ ಮುಖದಲ್ಲಿ ಕಂಡಿತು. ನಾನು ಮನೆ ತಲುಪುವ ಮುಂಚೆಯೇ ಅವರು ಸೈಕಲ್ ಏರಿ ನಮ್ಮ ಗರಡಿಯವರು ಇಳಿದಿದ್ದ ಛತ್ರಕ್ಕೆ ಹೋಗಿದ್ದರು.

ಅಲ್ಲಿ ಆದದ್ದನ್ನು ಆಮೇಲೆ ಹೇಳಿದ್ದು ಛತ್ರದಲ್ಲೇ ಇದ್ದ ಚಿಕ್ಕಪ್ಪ. ನಾನು ಕೇಳಿಕೊಂಡಂತೆ ಮೇಷ್ಟ್ರು ನನ್ನ ಹೆಸರೆತ್ತದೆ, ಇಂಥ ಸುದ್ದಿ ಬಂದಿದೆ ಎಂದಷ್ಟೇ ಅಂದರು. ಉಸ್ತಾದರು ಕೆಂಡವಾದರು. "ಎದ್ರು ಗರಡಿಯೋರು ಎಬ್ಬಿಸಿರೋ ಸುದ್ದಿ ಇದು. ನಮ್ ಉಡುಗನ್ ಕಂಡ್ರ ಅವ್ರಿಗ ಎದ್ರಿಕೆ!" ತೋಳು ತಪ್ಪಿದ್ದನ್ನು ಕಣ್ಣಾರೆ ಕಂಡು, ತಾತನಿಗೆ ಆಳು ಕಳಿಸಿದ ಮನುಷ್ಯ ಆಡಿದ ಮಾತಿದು. ಅವರು ಅಣ್ಣನನ್ನು ಕರೆದರು. ಅಣ್ಣ ಬಂದು, ಮೂಲೆಯಲ್ಲಿದ್ದ ಕರಲಾಕಟ್ಟೆಯನ್ನು, ಸಾಮು ಮಾಡುವ ಆ ಭಾರದ ಮರದ ಗದೆಯನ್ನು, ಬಲಗೈಯಲ್ಲೇ ಎತ್ತಿ, ತಲೆಯ ಸುತ್ತ ಬೀಸಿ, ನಗುತ್ತ ಮೇಷ್ಟ್ರ ಮುಂದೆ ಇಳಿಸಿದ. ಅವನ ಹಣೆಯ ಬೆವರನ್ನು ಕಂಡವರು ಅದನ್ನು ಸಾಮಿನ ಬೆವರು ಎಂದುಕೊಂಡರು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಸೈಕಲ್ ಹತ್ತಿ ಹೊರಟುಹೋದರು.

ಮಧ್ಯಾಹ್ನದ ಹೊತ್ತಿಗೆ ಮೈದಾನ ಕಿಕ್ಕಿರಿದಿತ್ತು. ಹೆಂಗಸರಾದ ನಾವು ಚಿಕ್ಕಮ್ಮನ ಮನೆಯ ಮಾಳಿಗೆಯ ಮೇಲಿಂದ ನೋಡುತ್ತಿದ್ದೆವು. ಅವ್ವ ಗೋಡೆಗೆ ಒರಗಿ, ಕಣ್ಣು ಮುಚ್ಚಿ ಮಾದಪ್ಪನನ್ನು ಕರೆಯುತ್ತಿದ್ದಳು. ಕುಸ್ತಿಯಾಡುವ ಮಣ್ಣಿನ ಮಟ್ಟಿಗೆ ಎದುರಾಗಿ ಕಮಿಟಿಯವರ ಕುರ್ಚಿಗಳು. ಅವರ ನಡುವೆ ತಾತ. ಇಷ್ಟು ವರ್ಷ ಜೋಡಿ ಕಟ್ಟಿದವರನ್ನು ಮರೆಯಬಾರದು ಎಂದು ಹರದನಹಳ್ಳಿಯಿಂದ ಗಾಡಿಯಲ್ಲಿ ಮಲಗಿಸಿಕೊಂಡು ಬಂದು, ಕುರ್ಚಿಯಲ್ಲಿ ಕೂರಿಸಿ, ಬೀಳದ ಹಾಗೆ ಪಂಚೆಯಿಂದ ಕಟ್ಟಿ, ಶಾಲು ಹೊದಿಸಿ ಹಾರ ಹಾಕಿದ್ದರು.

ಅಣ್ಣನ ಜೋಡಿಯನ್ನು ಕೂಗಿದರು. ಇಬ್ಬರೂ ಇಳಿದು ಮಣ್ಣು ಮುಟ್ಟಿ ಕಣ್ಣಿಗೊತ್ತಿಕೊಂಡರು. ಆಗ ತಾತನ ಎಡಗೈ ಎದ್ದಿತು. ಅದು ಅವನ ಬಲಭುಜದ ಮೇಲೆ ಹೋಗಿ ತಟ್ಟಿತು. ಮತ್ತೆ ಎದ್ದಿತು, ಮತ್ತೆ ತಟ್ಟಿತು. ಅಣ್ಣನ ಕಡೆ ನೋಡುತ್ತಾನೆ, ಮೇಷ್ಟ್ರ ಕಡೆ ನೋಡುತ್ತಾನೆ, ಭುಜ ತಟ್ಟುತ್ತಾನೆ. ನನಗೆ ಅರ್ಥವಾಯಿತು. ಅವನು "ಬ್ಯಾಡ" ಎನ್ನುತ್ತಿದ್ದ. ಬದುಕಿನಲ್ಲಿ ಮೊದಲ ಸಲ ಅದರ ಕಾರಣವನ್ನೂ ಹೇಳುತ್ತಿದ್ದ. ಪಕ್ಕದಲ್ಲಿದ್ದ ವಕೀಲರು ಬಾಗಿ ನೋಡಿ, "ಪಾಪ, ಬಿದ್ದ ತೋಳು ನೋಯ್ತಿದೆ ಅಂತ ಕಾಣುತ್ತೆ, ಸ್ವಲ್ಪ ಒತ್ರೋ" ಎಂದರಂತೆ. ಇಬ್ಬರು ಬಂದು ತಾತನ ಬಲತೋಳನ್ನು ಭಕ್ತಿಯಿಂದ ಒತ್ತತೊಡಗಿದರು. ಅವನು ತಲೆ ಅಲ್ಲಾಡಿಸಿದ. ಅವರು ಇನ್ನೂ ಮೆತ್ತಗೆ ಒತ್ತಿದರು. ನಾನು ಮಾಳಿಗೆಯ ಅಂಚಿಗೆ ಬಂದು ಕೂಗಿದೆ, ಗಂಟಲು ಹರಿಯುವ ಹಾಗೆ ಕೂಗಿದೆ. ತಮಟೆಯ ಸದ್ದಿನಲ್ಲಿ ನನ್ನ ಕೂಗು ನನಗೇ ಕೇಳಿಸಲಿಲ್ಲ.

ಕುಸ್ತಿ ಬೇಗ ಮುಗಿಯಿತು. ಆ ಹುಡುಗ ಅಣ್ಣನ ಬಲಗೈ ಹಿಡಿದು ಬೆನ್ನಿನ ಹಿಂದಕ್ಕೆ ತಂದ, ತಿರುವಿದ, ತನ್ನ ಮೈಭಾರವನ್ನೆಲ್ಲ ಅದರ ಮೇಲೆ ಹಾಕಿದ. ಅಣ್ಣ ಚಿತ್ ಆದ. ಜನ ಶಿಳ್ಳೆ ಹೊಡೆದು ಟೋಪಿ, ವಲ್ಲಿ ಎಸೆದರು. ಅಣ್ಣ ಏಳಲಿಲ್ಲ. ಅವನ ತೋಳು ಇರಬೇಕಾದ ಕಡೆ ಇರಲಿಲ್ಲ.

ಈ ಸಲ ಕೀಲು ಕೂರಿಸಲು ತಾತನಿಗೆ ಕೈಯಿರಲಿಲ್ಲ. ರೈಲಿನಲ್ಲಿ ಮೈಸೂರಿನ ಆಸ್ಪತ್ರೆಗೆ ಕರೆದೊಯ್ದರು. ಕೀಲು ಕೂರಿಸಿದರು, ಆದರೆ ನರ ಹರಿದಿದೆ ಎಂದರು. ತೋಳು ಮೈಗೆ ಅಂಟಿಕೊಂಡಿತು, ಆದರೆ ಎದ್ದು ಕೆಲಸ ಮಾಡಲಿಲ್ಲ. ಗೆದ್ದ ಹುಡುಗ ಒಂದು ದಿನ ಬಸ್ಸಿಳಿದು ನಮ್ಮ ಮನೆಗೆ ಬಂದು, ಅಣ್ಣನ ಹಾಸಿಗೆಯ ಹತ್ತಿರ ಕೂತು ಅತ್ತ. "ಗೊತ್ತಿದ್ರ ನಾನು ತೋಳ್ ಮುಟ್ತಿರ್ನಿಲ್ಲ ಕಣಣ್ಣ, ಕಾಲಿಡೀತಿದ್ದೆ. ಮಾದಪ್ಪನಾಣೆಗೂ ಕಾಲಿಡೀತಿದ್ದೆ" ಎಂದ. ಯಾರಿಂದ ಮುಚ್ಚಿಡಬೇಕು ಎಂದು ಗರಡಿಯವರು ಅಷ್ಟೆಲ್ಲ ಹೆಣಗಿದ್ದರೋ ಆ ವೈರಿ ಇವನೇ. ಅವ್ವ ಅವನಿಗೆ ಊಟ ಬಡಿಸಿದಳು. ನಾನು ನೀರು ಕೂಡ ಕೊಡಲಿಲ್ಲ, ಅವನ ತಪ್ಪಿಲ್ಲ ಎಂದು ಗೊತ್ತಿದ್ದೂ ಕೊಡಲಿಲ್ಲ.

ಗಾಡಿ, ಎತ್ತು ಬೇರೆಯವರ ಪಾಲಾದವು. ಅಣ್ಣ ಬಿದಿರಿನ ಡಿಪೋದಲ್ಲಿ ಕಾವಲಿಗೆ ಕೂತ. ಅವ್ವ, ನಾನು ಕೂಲಿಗೆ ಹೋದೆವು. ಆ ಬೇಸಗೆಯಲ್ಲೇ ತಾತ ತೀರಿಕೊಂಡ. ನೂರಾರು ಮೈಗಳ ಗುಟ್ಟು ಅವನ ಜೊತೆ ಮಣ್ಣಾಯಿತು. ಗರಡಿಯವರಿಗೆ ಅಣ್ಣನ ಮೇಲೆ ಗೌರವ ಕಡಿಮೆಯಾಗಲಿಲ್ಲ. ತೋಳು ಕೊಟ್ಟವನು ಎಂದು ಹೆಚ್ಚೇ ಆಯಿತು. ಉಸ್ತಾದರಿಗೆ ಕಣ್ಣು ಮಂಜಾದ ಮೇಲೆ ಹುಡುಗರನ್ನು ತಿದ್ದುವ ಕೆಲಸ ಅವನಿಗೇ ಬಂತು. ಕೂತ ಕಡೆಯಿಂದಲೇ ಪಟ್ಟು ಹೇಳಿಕೊಡುತ್ತಿದ್ದ.

ಮುಂದಿನ ಕುಸ್ತಿಗೆ ಮೊದಲು ಅದೇ ಮೇಷ್ಟ್ರು ನಮ್ಮ ಮನೆಗೆ ಬಂದರು. ಬಹಳ ಇಳಿದುಹೋಗಿದ್ದರು. ಅಣ್ಣನ ತೋಳನ್ನು ನೋಡಲಾರದೆ ನೆಲ ನೋಡಿಕೊಂಡೇ ಮಾತಾಡಿದರು. "ನಿಮಗೆ ಆದದ್ದು ಇನ್ನೊಬ್ಬರಿಗೆ ಆಗಬಾರದು ಅಂತ ಬಂದಿದ್ದೀನಿ. ನಿಜ ಹೇಳಿ. ನಿಮ್ಮ ಹುಡುಗರಲ್ಲಿ ಯಾರಿಗಾದರೂ ಪೆಟ್ಟಾಗಿದೆಯಾ? ನನ್ನಲ್ಲೇ ಇಟ್ಕೋತೀನಿ."

ನಾನು ಅಡುಗೆಮನೆಯ ಬಾಗಿಲಲ್ಲಿದ್ದೆ. ಅವತ್ತು ಬೆಳಗ್ಗೆಯಷ್ಟೇ ಗರಡಿಯ ಒಬ್ಬ ಹುಡುಗ ಊದಿದ ಮಂಡಿ ತೋರಿಸಲು ಬಂದಿದ್ದ. ಅದಕ್ಕೆ ಎಣ್ಣೆ ಕಾಯಿಸಿ ಕೊಟ್ಟವಳು ನಾನೇ. ಈಗಲಾದರೂ ಈ ಮನೆಯಿಂದ ಒಂದು ಮಾತು ಹೊರಗೆ ಹೋಗುತ್ತದೆ ಎಂದು ಉಸಿರು ಹಿಡಿದು ನಿಂತೆ.

"ಎಲ್ರೂ ಗಟ್ಟಿಯಾಗವ್ರೆ ಮೇಷ್ಟ್ರೇ" ಎಂದ ಅಣ್ಣ.

"ಸುಳ್ಳು!" ಎಂದೆ. "ಆ ಉಡುಗನ ಮಂಡಿ ಊದ್ಕಂಡದ. ನಾನೇ ನೋಡಿವ್ನಿ."

ಮೇಷ್ಟ್ರು ತಲೆ ಎತ್ತಿದರು. ಆದರೆ ನನ್ನ ಕಡೆ ನೋಡಲಿಲ್ಲ, ಅಣ್ಣನ ಕಡೆ ನೋಡಿದರು, ಅವನು ಹೂಂ ಎನ್ನಲಿ ಎಂದು ಕಾದರು. ಅಣ್ಣ, "ಎಂಗಸ್ರಿಗೇನ್ ಗೊತ್ತಾಯ್ತದ ಬುಡಿ" ಎಂದ. ಅವರು ಎದ್ದು ಕೈಮುಗಿದು ಹೋದರು.

ಆ ಹುಡುಗ ಕುಸ್ತಿಗೆ ಹೋದ, ಗೆದ್ದೂ ಬಂದ. ಮಂಡಿ ಅವನ ಕೈಬಿಡಲಿಲ್ಲ. ಸಂಜೆ ಕುಂಟುತ್ತಲೇ ಬಂದು ಅಣ್ಣನ ಕಾಲಿಗೆ ಬಿದ್ದು, ಮೆರವಣಿಗೆಗೆ ಬನ್ನಿ ಎಂದು ಕರೆದು ಹೋದ. ಅವನು ಅತ್ತ ಹೋದದ್ದೇ ನಾನು ಅಣ್ಣನ ಮೇಲೆ ಹರಿಹಾಯ್ದೆ. "ಆ ಮಂಡಿ ಮುರಿದಿದ್ರ? ಮುರ್ಕಂಡು ಕೂತಿರೋನು ನೀನೇ ಇಂಗ್ ಮಾಡಬೈದಾ?"

ಅಣ್ಣನಿಗೆ ಸಿಟ್ಟು ಬರಲಿಲ್ಲ. ಸಣ್ಣವಳಿಗೆ ತಿಳಿಹೇಳುವಂತೆ ಹೇಳಿದ:

"ಮಂಡಿ ಇಸ್ಯ ಏಳಿದ್ರ ಅವನ್ನ ಯಾರ್ ಕರೀತಿದ್ರು ಅಮ್ಮಿ? ನನ್ ತೋಳ್ ಇಸ್ಯ ಏಳಿದ್ರ ನನ್ನೂ ಕರೀತಿರ್ನಿಲ್ಲ. ತೋಳೇನೋ ಉಳೀತಿತ್ತು. ಅಷ್ಟ್ ಜನ ನನ್ನೇ ನೋಡ್ಕಂಡ್ ನಿಂತಿದ್ರಲ್ಲ, ಅದು ಸಿಕ್ತಿರ್ನಿಲ್ಲ. ಈಗ ಬಂದು ಮತ್ತ ಕೇಳಿದ್ರೂ ನಾ ಅಂಗೇ ಮಾಡ್ತೀನಿ."

ಅವ್ವ ಹೊಲದಿಂದ ಇನ್ನೂ ಬಂದಿರಲಿಲ್ಲ. ಒಳ್ಳೆಯದೇ ಆಯಿತು, ಈ ಮಾತು ಅವಳ ಕಿವಿಗೆ ಬೀಳಲಿಲ್ಲ. ಮೆರವಣಿಗೆಗೆ ಹೋಗಲು ಅಣ್ಣ ಗೂಟದಿಂದ ಅಂಗಿ ತೆಗೆದುಕೊಂಡ. ದಿನಾ ಅವನ ಬಲಗೈಯನ್ನು ಎತ್ತಿ ಅಂಗಿಯ ತೋಳಿಗೆ ತೂರಿಸಿ ಗುಂಡಿ ಹಾಕುತ್ತಿದ್ದವಳು ನಾನು. ಅವತ್ತು ಕದಲಲಿಲ್ಲ. ಅವನು ಎಡಗೈಯಿಂದ ಬಲಗೈಯನ್ನು ಎತ್ತುತ್ತಿದ್ದ, ಅದು ಜಾರುತ್ತಿತ್ತು, ಮತ್ತೆ ಎತ್ತುತ್ತಿದ್ದ. ಅವನು ನನ್ನನ್ನು ಕರೆಯಲಿಲ್ಲ. ನಾನೂ ಹೋಗಲಿಲ್ಲ.